ಒಬ್ಬರೇ ಕೆತ್ತಿದ ಮ್ಯಾಂಡೊಲಿನ್

ಬ್ಲೂಗ್ರಾಸ್ ಸಂಗೀತ ಹುಟ್ಟಿದ್ದು ಅಮೆರಿಕದ ಕೆಂಟಕಿ, ಟೆನೆಸಿ ಸೀಮೆಯಲ್ಲಿ. ಆದರೆ ಆ ಸಂಗೀತದ ದೊಡ್ಡ ಮ್ಯಾಂಡೊಲಿನ್ ವಾದಕರಾದ ರಾನಿ ಮೆಕೂರಿ ಮತ್ತು ಮೈಕ್ ಕಾಂಪ್ಟನ್ ವರ್ಷಗಟ್ಟಲೆ ವೇದಿಕೆಯಲ್ಲಿ ಹಿಡಿದ ವಾದ್ಯ ಬಂದದ್ದು ಭೂಗೋಳದ ಇನ್ನೊಂದು ಬದಿಯಿಂದ, ಆಸ್ಟ್ರೇಲಿಯಾದ ದಕ್ಷಿಣ ಕಡಲಂಚಿನ ವಾರ್ನಂಬೂಲ್ ಎಂಬ ಊರಿನಿಂದ. ಅದನ್ನು ಕೆತ್ತಿದವರು ಸ್ಟೀವ್ ಗಿಲ್‌ಕ್ರಿಸ್ಟ್. 1980ರ ಹೊತ್ತಿಗೆ ನ್ಯಾಶ್‌ವಿಲ್‌ನ ಜಾರ್ಜ್ ಗ್ರೂನ್ ಅವರ ಹಳೆ ವಾದ್ಯಗಳ ಅಂಗಡಿಯಲ್ಲಿ ಕೆಲಸ ಮಾಡಿ, ಒಳ್ಳೆಯ ವಾದ್ಯಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ. ಊರಿಗೆ ಮರಳಿ ಅವರು ಹಾಕಿದ ಕೆಲಸದ ಮೇಜಿನತ್ತ ನೋಡುತ್ತ ಟೆನೆಸಿಯ ವಾದಕರು ಕಾದು ಕೂರುವಂತಾಯಿತು.

ಕಾರ್ಖಾನೆಗಳಿಗೇನೂ ಬರವಿಲ್ಲ. ಚೀನಾ, ಕೊರಿಯಾದಿಂದ ಬರುವ ಮ್ಯಾಂಡೊಲಿನ್‌ಗಳು ನೋಡಲು ಥೇಟ್ ಅದೇ ಆಕಾರ, ಅದೇ ಬಣ್ಣ. ಬೆಲೆ ಹತ್ತು ಪಟ್ಟು ಕಡಿಮೆ. ಹಾಗಿದ್ದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾದು, ಒಬ್ಬನೇ ಕೆಲಸಗಾರನಿಂದ ವಾದ್ಯ ಮಾಡಿಸಿಕೊಳ್ಳುವವರು ಇದ್ದಾರೆ. ಅವರು ಕೊಡುವ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮ್ಯಾಂಡೊಲಿನ್ ಮೂಲತಃ ಇಟಲಿಯ ನೇಪಲ್ಸ್‌ನದು. ಬೆನ್ನು ಬಟ್ಟಲಿನ ಹಾಗೆ ಉಬ್ಬಿದ ಆ ವಾದ್ಯವನ್ನು ವಿನಾಚಿಯಾ, ಕಲಾಚೆ ಮನೆತನದವರು ತಲೆಮಾರುಗಳ ಕಾಲ ಕಟ್ಟಿದರು. ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂನಲ್ಲಿದ್ದ ಆರ್ವಿಲ್ ಗಿಬ್ಸನ್, ಪಿಟೀಲಿನಂತೆ ಮುಂಭಾಗವನ್ನೂ ಬೆನ್ನನ್ನೂ ಉಬ್ಬುವಂತೆ ಕೆತ್ತುವ ವಿಧಾನ ತಂದು 1898ರಲ್ಲಿ ಪೇಟೆಂಟ್ ಪಡೆದರು. ಅವರ ಹೆಸರಿನ ಕಂಪನಿ ಶುರುವಾದದ್ದು 1902ರಲ್ಲಿ. ಅದೇ ಕಂಪನಿಗೆ 1919ರಲ್ಲಿ ಬಂದ ಲಾಯ್ಡ್ ಲೋರ್ ಸ್ವತಃ ವಾದಕ, ನಾದಶಾಸ್ತ್ರ ಬಲ್ಲವರು. 1922ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಎಫ್-5 ಹೊರಬಂತು. ದುಂಡು ರಂಧ್ರದ ಜಾಗದಲ್ಲಿ ಪಿಟೀಲಿನಂಥ ಎರಡು ಎಫ್ ಆಕಾರದ ರಂಧ್ರ, ಉದ್ದನೆಯ ಕತ್ತು, ಮುಂಭಾಗದ ಅಡಿಯಲ್ಲಿ ಎರಡು ತೆಳು ನಾದಪಟ್ಟಿ. ಒಳಗಿನ ಚೀಟಿಗೆ ಲೋರ್ ಸಹಿ. 1924ರ ಕೊನೆಗೆ ಅವರು ಕಂಪನಿ ಬಿಟ್ಟರು. ಸಹಿ ಇರುವ ಎಫ್-5ಗಳು ಇಂದು ಲೆಕ್ಕಕ್ಕೆ ಸಿಗುವುದು ಇನ್ನೂರ ಚಿಲ್ಲರೆ.

ಅವುಗಳಲ್ಲಿ ಒಂದನ್ನು, 1923ರ ಜುಲೈ 9ರ ಸಹಿ ಇದ್ದದ್ದನ್ನು, ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ 1940ರ ದಶಕದ ನಡುವೆ ಫ್ಲಾರಿಡಾದ ಒಂದು ಕ್ಷೌರದಂಗಡಿಯಲ್ಲಿ ಕಂಡು 150 ಡಾಲರಿಗೆ ಕೊಂಡರು. ಬ್ಲೂಗ್ರಾಸ್ ಎಂಬ ಪ್ರಕಾರ ರೂಪುಗೊಂಡದ್ದೇ ಆ ವಾದ್ಯದ ಮೇಲೆ. 1985ರಲ್ಲಿ ಯಾರೋ ಅವರ ಮನೆಗೆ ನುಗ್ಗಿ, ಒಲೆ ಕೆದಕುವ ಕಬ್ಬಿಣದ ಸಲಾಕೆಯಿಂದ ಅದನ್ನು ಚಚ್ಚಿ ಚೂರು ಮಾಡಿದರು. ಚಾರ್ಲಿ ಡೆರಿಂಗ್ಟನ್ ಎಂಬ ಕುಶಲಕರ್ಮಿ ನೂರಾರು ಸೀಳುಗಳನ್ನು ಒಂದೊಂದಾಗಿ ಹೊಂದಿಸಿ ಅಂಟಿಸಿದರು. ಮನ್ರೋ ಅದನ್ನೇ ಮತ್ತೆ ನುಡಿಸಿದರು. ಕಾರ್ಖಾನೆಯ ಲೇಬಲ್ಲಿಗೆ ಬೆಲೆ ಕಟ್ಟುವವರು ಈ ಕತೆಯನ್ನು ನೆನಪಿಡಬೇಕು. ಆ ವಾದ್ಯದ ಎರಡನೇ ಜನ್ಮ ಒಬ್ಬ ಮನುಷ್ಯನ ತಾಳ್ಮೆಯದು.

ಲೋರ್ ಹೋದ ಮೇಲೆ ಗುಣಮಟ್ಟ ಇಳಿಯಿತು. 1970ರ ದಶಕದ ಕಾರ್ಖಾನೆ ಮ್ಯಾಂಡೊಲಿನ್‌ಗಳು ದಪ್ಪ, ಭಾರ, ಮಂಕು. ಹಳೆಯದನ್ನು ಕೊಳ್ಳಲು ಕಾಸಿಲ್ಲ, ಹೊಸದು ಕಿವಿಗೆ ಹಿಡಿಸುತ್ತಿಲ್ಲ ಎಂಬ ಇಕ್ಕಟ್ಟಿನಲ್ಲಿ ಕೆಲವರು ತಾವೇ ಉಳಿ ಹಿಡಿದರು. ರೋಜರ್ ಸಿಮಿನಾಫ್ ಬ್ಲೂಗ್ರಾಸ್ ಮ್ಯಾಂಡೊಲಿನ್ ಕಟ್ಟುವ ಬಗೆಗೆ ಕೈಪಿಡಿ ಬರೆದರು. ಐಡಹೊದಲ್ಲಿ ಬಾಬ್ ಗಿವೆನ್ಸ್, ‘ನಗೆಟ್’ ಹೆಸರಿನಲ್ಲಿ ಮೈಕ್ ಕೆಮ್ನಿಟ್ಜರ್, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಜಾನ್ ಮೊಂಟೆಲಿಯೋನ್. ಎಲ್ಲರೂ ಲೋರ್ ಮಾದರಿಯನ್ನು ಅಭ್ಯಾಸ ಮಾಡಿದವರೇ. ಮೊಂಟೆಲಿಯೋನ್ ಅಲ್ಲಿಗೇ ನಿಲ್ಲದೆ ‘ಗ್ರ್ಯಾಂಡ್ ಆರ್ಟಿಸ್ಟ್’ ಎಂಬ ತಮ್ಮದೇ ವಿನ್ಯಾಸಕ್ಕೆ ಹೋದರು.

ಇನ್ನು ಕೆಲಸದ ಮೇಜಿಗೆ ಬರೋಣ. ಮುಂಭಾಗಕ್ಕೆ ಸ್ಪ್ರೂಸ್ ಮರ, ಹೆಚ್ಚಾಗಿ ಅಮೆರಿಕದ ಪೂರ್ವ ಬೆಟ್ಟಗಳ ಕೆಂಪು ಸ್ಪ್ರೂಸ್. ಬೆನ್ನಿಗೂ ಪಕ್ಕೆಗೂ ಮೇಪಲ್. ಒಂದೇ ತುಂಡನ್ನು ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಎರಡೂ ಹಾಳೆಗಳ ಎಳೆ ಎದುರುಬದುರು ಬರುವಂತೆ ನಡುವೆ ಕೂಡಿಸುತ್ತಾರೆ. ಆಮೇಲೆ ಉಳಿ, ಹೆಬ್ಬೆರಳಷ್ಟೇ ಉದ್ದದ ಪುಟ್ಟ ಕೀಸುಳಿ, ಕೊನೆಗೆ ತೆಳ್ಳನೆಯ ಉಕ್ಕಿನ ಹೆರೆಯುವ ಪಟ್ಟಿ. ಮುಂಭಾಗ, ತಂತಿಗಳನ್ನು ಹೊರುವ ಕುದುರೆಯ ಕೆಳಗೆ ಸುಮಾರು 4.5ರಿಂದ 5 ಮಿಲಿಮೀಟರ್ ದಪ್ಪ ಉಳಿದು, ಅಂಚಿನ ಹತ್ತಿರ 3 ಮಿಲಿಮೀಟರಿಗೂ ಇಳಿಯುತ್ತದೆ. ಎಂಟು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಸೆಳೆತ 80 ಕಿಲೋ ಆಸುಪಾಸು; ಇಷ್ಟು ತೆಳು ಹಲಗೆ ಅದನ್ನು ದಶಕಗಟ್ಟಲೆ ತಾಳಬೇಕು, ತಾಳುತ್ತಲೇ ಕಂಪಿಸಬೇಕು. ದಪ್ಪ ಬಿಟ್ಟರೆ ನಾದ ಕಟ್ಟಿಹೋಗುತ್ತದೆ, ತೆಳು ಮಾಡಿದರೆ ಮುಂಭಾಗ ಕುಸಿಯುತ್ತದೆ.

ಈ ಎರಡರ ನಡುವಿನ ಗೆರೆ ಪ್ರತಿ ಮರದಲ್ಲೂ ಬೇರೆ. ಕಾರ್ಖಾನೆಯ ಯಂತ್ರ ನೂರು ಹಲಗೆಗಳನ್ನು ಒಂದೇ ಅಳತೆಗೆ ಕೆತ್ತುತ್ತದೆ. ಗಟ್ಟಿ ಮರಕ್ಕೂ ಅದೇ ದಪ್ಪ, ಮೆದು ಮರಕ್ಕೂ ಅದೇ ದಪ್ಪ. ಒಂಟಿ ಕೆಲಸಗಾರ ಹಲಗೆಯನ್ನು ಎರಡು ಬೆರಳಲ್ಲಿ ತೂಗುಬಿಟ್ಟು, ಗೆಣ್ಣಿನಿಂದ ತಟ್ಟಿ ಕೇಳುತ್ತಾನೆ. ಹೆಬ್ಬೆರಳಿಂದ ಒತ್ತಿ ಬಾಗುವಿಕೆ ನೋಡುತ್ತಾನೆ. ಮತ್ತೆ ನಾಲ್ಕು ಎಳೆ ಹೆರೆದು ಮತ್ತೆ ತಟ್ಟುತ್ತಾನೆ. ತಟ್ಟಿ ಕೇಳುವುದೇ ಮುಖ್ಯ ಎನ್ನುವವರು, ಅಳತೆಯೇ ಸಾಕು ಎನ್ನುವವರು, ಬಾಗುವಿಕೆಯನ್ನಷ್ಟೇ ನಂಬುವವರು ಹೀಗೆ ತಯಾರಕರಲ್ಲಿ ಪಂಥಗಳಿವೆ. ಯಾವ ಪಂಥವಾದರೂ, ಹೆಚ್ಚಿನ ದುಡ್ಡು ಹೋಗುವುದು ಈ ತೀರ್ಮಾನಕ್ಕೆ. ಮುತ್ತಿನ ಚಿಪ್ಪಿನ ಕುಸುರಿ, ಜೇನುಬಣ್ಣದಿಂದ ಕಂದಿಗೆ ಇಳಿಯುವ ವಾರ್ನಿಷ್ ಎಲ್ಲ ಆಮೇಲಿನವು.

ಕುಸುರಿಯ ಮಾತು ಬಂದದ್ದರಿಂದ ಒಂದು ವಿಷಯ ನೇರವಾಗಿ ಹೇಳಬೇಕು. ಎಫ್ ಮಾದರಿಯ ಮೇಲ್ಗಡೆ ಸುರುಳಿಯಿದೆ, ಬದಿಗೆ ಚೂಪು ಮೂಲೆಗಳಿವೆ. ಕಣ್ಣಿಗೆ ಹಬ್ಬ, ಕೆತ್ತಲು ಬಹಳ ದಿನದ ಕೆಲಸ. ನಾದಕ್ಕೆ ಅವುಗಳಿಂದ ಏನೂ ಹೆಚ್ಚಿನ ಲಾಭವಿಲ್ಲ. ಹನಿಯಾಕಾರದ ಎ ಮಾದರಿಯನ್ನು ಅದೇ ಕೈ, ಅದೇ ಮರದಲ್ಲಿ ಕೆತ್ತಿದರೆ ಕಣ್ಮುಚ್ಚಿ ಕೇಳುವವರಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ. ಲೋರ್ ಸಹಿ ಇರುವ ಎ-5 ಲೋಕಕ್ಕೆ ಗೊತ್ತಿರುವುದು ಒಂದೇ ಒಂದು. ಇಂದಿನ ಎಷ್ಟೋ ತಯಾರಕರ ಎ ಮಾದರಿಗಳಿಗೆ ಅದೇ ಹಿರಿಯಣ್ಣ. ಕೈಯಲ್ಲಿ ಇಷ್ಟೇ ಹಣ ಎಂದಿರುವವರು ಕಾರ್ಖಾನೆಯ ಎಫ್ ಬದಲು ಒಳ್ಳೆಯ ಕೈಯ ಎ ಆರಿಸುವುದೇ ಜಾಣತನ.

ವಾದ್ಯ ಮನೆಗೆ ಬಂದ ಮೇಲೆ ಅರ್ಧ ಕೆಲಸ ಮಾಲೀಕನದು. ಮ್ಯಾಂಡೊಲಿನ್ನಿನ ಕುದುರೆ ಅಂಟಿಸಿದ್ದಲ್ಲ, ತಂತಿಯ ಒತ್ತಡಕ್ಕೆ ನಿಂತದ್ದು. ಎಂಟೂ ತಂತಿ ಒಮ್ಮೆಲೇ ಬಿಚ್ಚಿದರೆ ಅದು ಜಾಗ ತಪ್ಪುತ್ತದೆ, ಶ್ರುತಿ ಕೆಡುತ್ತದೆ. ಒಂದೊಂದೇ ಜೋಡಿ ಬದಲಿಸಬೇಕು. 12ನೇ ಮೆಟ್ಟಿಲಿನಲ್ಲಿ ಹಗುರವಾಗಿ ಮುಟ್ಟಿದ ಸ್ವರವೂ ಒತ್ತಿದ ಸ್ವರವೂ ಕೂಡುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಕುದುರೆಯ ಪಾದ ಉಬ್ಬಿನ ಮೇಲೆ ಬೆಳಕು ತೂರದಂತೆ ಕೂತಿರಬೇಕು. ಒಳ್ಳೆಯ ತಯಾರಕ ಮರಳುಕಾಗದವನ್ನು ವಾದ್ಯದ ಮೇಲೆಯೇ ಹಾಸಿ, ಪಾದವನ್ನು ಅದರ ಮೇಲೆ ಉಜ್ಜಿ ಹೊಂದಿಸಿರುತ್ತಾನೆ. ಆ ಒಂದು ಕೆಲಸ ಸರಿಯಾದರೆ ಸಾಧಾರಣ ವಾದ್ಯವೂ ಬಾಯಿ ಬಿಡುತ್ತದೆ.

ನುಡಿಸುವವರಿಗೆ ಮ್ಯಾಂಡೊಲಿನ್ ಕೊಡುವ ಸ್ವರ ಗಿಡ್ಡ. ಮೀಟಿದ ಕೂಡಲೇ ಅಡಗಲು ಶುರು. ಅದಕ್ಕೇ ಜೋಡಿ ತಂತಿ, ಅದಕ್ಕೇ ಎಡೆಬಿಡದ ಮೀಟು. ಶ್ರುತಿ ಮಾತ್ರ ಪಿಟೀಲಿನದೇ. ಹಾಗಾಗಿ ಬಾಖ್ ಪಿಟೀಲಿಗೆ ಬರೆದದ್ದು ಇದರ ಮೇಲೂ ಬೆರಳಿಗೆ ಸಿಗುತ್ತದೆ. ಮ್ಯಾಂಡೊಲಿನ್ ವಾದಕ ಕ್ರಿಸ್ ಥೀಲಿ 2013ರಲ್ಲಿ ಬಾಖ್‌ನ ಸೊನಾಟಾ, ಪಾರ್ಟಿಟಾಗಳ ಧ್ವನಿಮುದ್ರಿಕೆ ತಂದರು. ಅವರು 2007ರಲ್ಲಿ ಲೋರ್ ಸಹಿಯ 1924ರ ವಾದ್ಯ ಕೊಂಡದ್ದು ನಿಜ; ಅದಕ್ಕೂ ಮೊದಲು ಅವರ ಕೈಯಲ್ಲಿದ್ದದ್ದು ಟೆನೆಸಿಯ ಲಿನ್ ಡ್ಯೂಡೆನ್‌ಬಾಸ್ಟೆಲ್ ಮಾಡಿದ ವಾದ್ಯ. ಇಸ್ರೇಲಿನ ಅವಿ ಅವಿತಲ್ ವಿವಾಲ್ಡಿಯನ್ನು ದೊಡ್ಡ ಸಭಾಂಗಣಗಳಲ್ಲಿ ನುಡಿಸುವುದು ತಮ್ಮದೇ ನಾಡಿನ ಅರಿಕ್ ಕೆರ್ಮನ್ ಕಟ್ಟಿದ ಮ್ಯಾಂಡೊಲಿನ್ನಿನಲ್ಲಿ. ಬದುಕಿರುವ ತಯಾರಕನಿಂದ ಒಂದು ಲಾಭ: ಕೊರತೆ ಕಂಡರೆ ಅವನನ್ನೇ ಕೇಳಬಹುದು.

ನಮ್ಮ ಕಿವಿಗೆ ಮ್ಯಾಂಡೊಲಿನ್ ಎಂದರೆ ಉಪ್ಪಲಪು ಶ್ರೀನಿವಾಸ್. ಪಾಲಕೊಲ್ಲುವಿನಲ್ಲಿ 1969ರಲ್ಲಿ ಹುಟ್ಟಿ, 2014ರಲ್ಲಿ ಚೆನ್ನೈನಲ್ಲಿ ತೀರಿಕೊಂಡ ಅವರಿಗೆ ಗುರು ರುದ್ರರಾಜು ಸುಬ್ಬರಾಜು ಹಾಡಿ ಕಲಿಸಿದರು. ಶ್ರೀನಿವಾಸ್ ಅದನ್ನು ತಂತಿಯ ಮೇಲೆ ತಂದರು. ಮೆಟ್ಟಿಲಿನ ಗಿಡ್ಡ ಸ್ವರದ ವಾದ್ಯದಲ್ಲಿ ತೋಡಿ ರಾಗದ ಗಾಂಧಾರ ಹೇಗೆ ಅಲುಗೀತು? ಶ್ರೀನಿವಾಸ್ ಜೋಡಿ ತಂತಿಗಳನ್ನು ಕೈಬಿಟ್ಟು ಐದು ಒಂಟಿ ತಂತಿಗೆ ಇಳಿದರು, ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಸ್ವರಕ್ಕೆ ಉಸಿರು ಬಂತು, ಎಳೆತಕ್ಕೆ ಜಾಗ ಸಿಕ್ಕಿತು. ಹೀಗೆ ಬದಲಾದ ವಾದ್ಯ ಅಂಗಡಿಯ ಕಪಾಟಿನಲ್ಲಿ ಸಿಗುವುದಿಲ್ಲ, ಮಾಡಿಸಿಯೇ ಕೊಳ್ಳಬೇಕು. ಕರ್ನಾಟಕ ಸಂಗೀತ ನುಡಿಸುವವರಿಗೆ ಒಂಟಿ ತಯಾರಕ ಅನಿವಾರ್ಯವಾಗುವುದು ಇಲ್ಲೇ: ತಂತಿಗಳ ನಡುವಿನ ಅಂತರ, ಮೆಟ್ಟಿಲ ಎತ್ತರ, ಕತ್ತಿನ ಅಗಲ ಎಲ್ಲವೂ ಗಮಕಕ್ಕೆ ಬಾಗಬೇಕು.

ಮಲೆನಾಡಿನ ಬೀಟೆಗೂ ಈ ಲೋಕಕ್ಕೂ ಹಳೆಯ ನಂಟಿದೆ. ಭಾರತದ ಬೀಟೆ ಎಷ್ಟೋ ಗಿಟಾರು, ಮ್ಯಾಂಡೊಲಿನ್‌ಗಳ ಬೆರಳುಪಟ್ಟಿ. ಬೀಟೆಯ ಕುಲದ ಮರಗಳನ್ನೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತಕ್ಕೆ ತಂದಾಗ ವಾದ್ಯದೊಂದಿಗೆ ಗಡಿ ದಾಟುವುದು ತಲೆನೋವಾಗಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹವೆಯ ಚಿಂತೆ ಮಾತ್ರ ಉಳಿದೇ ಇದೆ. ತಯಾರಕರು ಶೇಕಡ 45ರ ಆಸುಪಾಸಿನ ತೇವಾಂಶದಲ್ಲಿ ಕಟ್ಟಿದ ವಾದ್ಯ ಮಂಗಳೂರಿನ ಜುಲೈ ಕಂಡರೆ ಮುಂಭಾಗ ಉಬ್ಬಿ, ತಂತಿ ಮೆಟ್ಟಿಲಿಂದ ಎದ್ದು ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ, ಒಂದು ಪುಟ್ಟ ತೇವಮಾಪಕ ಇರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಯಾವತ್ತೂ ಬಿಡಬೇಡಿ.

ತಯಾರಕರಿಗೆ ಬೇಡಿಕೆ ಬರೆಯುವಾಗ ಅಲಂಕಾರದ ಪಟ್ಟಿ ಕಳಿಸಬೇಡಿ. ನೀವು ನುಡಿಸುವ ಸಂಗೀತದ ಧ್ವನಿಮುದ್ರಣ ಕಳಿಸಿ, ನಿಮ್ಮ ಬೆರಳಿನ ಅಳತೆ ತಿಳಿಸಿ, ವಾದ್ಯ ಯಾವ ಊರಿನ ಹವೆಯಲ್ಲಿ ಇರಲಿದೆ ಎಂದು ಹೇಳಿ. ಮರದ ಆಯ್ಕೆಯನ್ನು ಅವರಿಗೇ ಬಿಡಿ. ಬಂದ ಮೇಲೆ ದಿನವೂ ನುಡಿಸಿ.