ಬಿಳಿ ಪುಡಿಯ ಹಟ

ಮನೆಯಲ್ಲೇ ಹಗಲಿನ ಕ್ರೀಮು ಮಾಡಿಕೊಳ್ಳಲು ಹೊರಟವರು ಕೊಬ್ಬರಿ ಎಣ್ಣೆ, ಕ್ಯಾರೆಟ್ ಬೀಜದ ಎಣ್ಣೆ, ಅರಿಶಿನ, ಶ್ರೀಗಂಧ ಎಂದು ಪಟ್ಟಿ ಹಿಡಿದು ಬರುತ್ತಾರೆ. ಚರ್ಮಕ್ಕೆ ಇವು ಹಿತವೆನಿಸಬಹುದು, ಬಿಸಿಲಿಗೆ ಕೊಡೆಯಾಗಲಾರವು. ನಿಂಬೆರಸವನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳುವುದುಂಟು.

ಮನೆಯಲ್ಲಿ ಬಳಸಬಹುದಾದದ್ದು ಜಿಂಕ್ ಆಕ್ಸೈಡ್. ಕ್ಯಾಲಮೈನ್ ಲೋಶನ್ನಿನಲ್ಲಿ, ಮಕ್ಕಳ ಡಯಾಪರ್ ಮುಲಾಮಿನಲ್ಲಿ ಇರುತ್ತದಲ್ಲ, ಅದೇ ಬಿಳಿ ಪುಡಿ. ಚರ್ಮ ಸುಡುವ ಯುವಿಬಿ ಕಿರಣವನ್ನೂ, ಬಸ್ಸಿನ ಕಿಟಕಿಯ ಗಾಜು ದಾಟಿ ಬಂದು ಸುಕ್ಕು ತರುವ ಯುವಿಎ ಕಿರಣವನ್ನೂ ಅದು ತಡೆಯುತ್ತದೆ.

100 ಗ್ರಾಂ ಕ್ರೀಮಿಗೆ ನನ್ನ ಅಳತೆ: ಭಟ್ಟಿ ಇಳಿಸಿದ ನೀರು 57, ಗ್ಲಿಸರಿನ್ 4, ಹಗುರವಾದ ಎಣ್ಣೆ 15, ಜಿಂಕ್ 15, ಎಮಲ್ಸಿಫೈಯಿಂಗ್ ವ್ಯಾಕ್ಸ್ 6, ಸೀಟೈಲ್ ಆಲ್ಕೋಹಾಲ್ 2, ಕೆಡದಂತೆ ಫಿನಾಕ್ಸಿಎಥೆನಾಲ್ 1. ಚಮಚದ ಅಳತೆ ಬೇಡ, ತಕ್ಕಡಿಯಲ್ಲಿ ತೂಗಿ. ಎಣ್ಣೆಯ ಪಾಲನ್ನೂ ನೀರಿನ ಪಾಲನ್ನೂ ಬೇರೆಬೇರೆಯಾಗಿ 70ರಿಂದ 75 ಡಿಗ್ರಿಗೆ ಕಾಯಿಸಿ, ಸೇರಿಸಿ ಬ್ಲೆಂಡರ್ ಆಡಿಸಿ, 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಕೊನೆಯದನ್ನು ಬೆರೆಸಿದರಾಯಿತು. ಸೋಡಿಯಂ ಬೆಂಜೋಯೇಟ್ ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಹುಳಿ ಬೇಕು, ಹುಳಿಯಲ್ಲಿ ಜಿಂಕ್ ಕರಗುತ್ತದೆ.

ಇಷ್ಟು ಯಾರಾದರೂ ಮಾಡಿಯಾರು. ಸತಾಯಿಸುವುದು ಆ ಪುಡಿ. ನೀರಿಗೆ ಸುರಿದಿರೋ, ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ಮಾಸ್ಕ್ ಹಾಕಿಕೊಂಡು, ಎಣ್ಣೆಗೆ ಒಗ್ಗುವಂತೆ ಲೇಪ ಕೊಟ್ಟ ಪುಡಿಯನ್ನು ಅದೇ 15 ಗ್ರಾಂ ಎಣ್ಣೆಯಲ್ಲಿ ಸ್ವಲ್ಪಸ್ವಲ್ಪವೇ ಹಾಕುತ್ತ ಕಲ್ಬತ್ತಿನಲ್ಲಿ ಅರೆಯಬೇಕು. ಮೊದಮೊದಲು ಕರಕರ ಎನ್ನುವುದು ಆಮೇಲೆ ಸದ್ದಡಗಿ ನುಣ್ಣಗೆ ಜಾರುತ್ತದೆ. ಅಷ್ಟಕ್ಕೇ ಕೈ ಬಿಡಬೇಡಿ. ಮುಗಿದ ಕ್ರೀಮನ್ನು ಗಾಜಿನ ತುಂಡಿನ ಮೇಲೆ ತೆಳ್ಳಗೆ ಎಳೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಅಲ್ಲಲ್ಲಿ ಬಿಳಿ ಚುಕ್ಕೆ, ನಡುನಡುವೆ ಬರಿಗಾಜು ಕಂಡರೆ ಮುಖದ ಮೇಲೂ ಅದೇ ಗತಿ: ಚುಕ್ಕೆಯಿದ್ದಲ್ಲಿ ರಕ್ಷಣೆ, ಉಳಿದಲ್ಲಿ ಬಿಸಿಲು.

ಗಾಜಿನಲ್ಲಿ ಗೆದ್ದ ಕ್ರೀಮಿನ ಎಸ್‌ಪಿಎಫ್ ಎಷ್ಟು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಮನೆಯಲ್ಲಿ ಮಾಡುವ ಯಾರ ಬಳಿಯೂ ಇರಲಾರದು. ಪುಡಿ ಶೇಕಡಾ 15 ಇದ್ದ ಮಾತ್ರಕ್ಕೆ ಎಸ್‌ಪಿಎಫ್ 15 ಆಗುವುದಿಲ್ಲ. ಆ ಸಂಖ್ಯೆ ಹುಟ್ಟುವುದು ಪ್ರಯೋಗಾಲಯದಲ್ಲಿ, ಜನರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ, ಯುವಿ ದೀಪ ಬಿಟ್ಟು, ಚರ್ಮ ಕೆಂಪಾಗುವುದನ್ನು ನೋಡಿದ ಮೇಲೆ. ನಾವು ಮುಖಕ್ಕೆ ಸಾಮಾನ್ಯವಾಗಿ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು. ಅದಕ್ಕೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನೇ ಬೇಕು.

ಹಾಗಾದರೆ ಇಷ್ಟೆಲ್ಲ ಅರೆದದ್ದೇಕೆ? ಒಳ್ಳೆಯ ಕ್ರೀಮಿಗಾಗಿ. ಎಷ್ಟು ಜಿಡ್ಡಿರಬೇಕು, ಪರಿಮಳ ಬೇಕೋ ಬೇಡವೋ ಎಲ್ಲ ನಿಮ್ಮ ಇಷ್ಟ. ಮನೆಯೊಳಗಿನ ದಿನಕ್ಕೆ ಅದು ಧಾರಾಳ ಸಾಕು. ಹೊಲಕ್ಕೋ ಜಾತ್ರೆಗೋ ಹೊರಟ ದಿನ ಅದರ ಮೇಲೆ ಪರೀಕ್ಷೆಯಾದ ಅಂಗಡಿ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನಿಮ್ಮ ಡಬ್ಬಿ ಗೆಳತಿಯರಿಗೆ ಹಿಡಿಸಿದರೆ ಕೊಡಿ, ಆದರೆ ಅದರ ಮೇಲೆ ಎಸ್‌ಪಿಎಫ್ ಎಂದು ಮಾತ್ರ ಬರೆಯಬೇಡಿ.