ನೋಟ ಪರರಿಚ್ಛೆ: ರೀಟಾಳ ಡ್ರೆಸ್ಸು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುವ ಗಾದೆಯನ್ನು ಮದುವೆಮನೆಗೆ ಹೊರಡುವಾಗಲೂ ಕೆಲಸದ ಸಂದರ್ಶನಕ್ಕೆ ಹೊರಡುವಾಗಲೂ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆ ‘ಪರರು’ ಯಾರು, ಅವರ ಇಚ್ಛೆ ನಮಗೆ ತಿಳಿಯುವುದು ಹೇಗೆ ಎಂದು ಕೇಳುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ನಿಂತವರಿಗೆ ಮಾತ್ರ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎಂ.ಎ. ಪ್ರವೇಶದ ಸಂದರ್ಶನಕ್ಕೆಂದು ಹೊರರಾಜ್ಯಕ್ಕೆ ಹೋಗುವ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಯಾವ ಪುಸ್ತಕ ಓದಲಿ ಎಂದಲ್ಲ; ‘ಸರ್, ಏನು ಹಾಕ್ಕೊಂಡು ಹೋಗ್ಲಿ?’ ಎಂದು. ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವ ಅಧ್ಯಾಪಕರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಗ್ಲಿಷಿನ ಮೂರು ಒಳ್ಳೆಯ ಕೃತಿಗಳು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿವೆ.

ಮೊದಲು ಸಂಸ್ಥೆಗಳು ಕೊಡುವ ಉತ್ತರವನ್ನು ನೋಡೋಣ. ಆಕ್ಸ್‌ಫರ್ಡ್ ತನ್ನ ಸಂದರ್ಶನಕ್ಕೆ ಯಾವ ವಸ್ತ್ರಸಂಹಿತೆಯೂ ಇಲ್ಲ, ನಿಮಗೆ ಹಿತವೆನಿಸುವುದನ್ನು ತೊಟ್ಟು ಬನ್ನಿ ಎನ್ನುತ್ತದೆ. ಮಾತು ಉದಾರವಾಗಿದೆ. ಆದರೆ ಅದೇ ಆಕ್ಸ್‌ಫರ್ಡಿನಲ್ಲಿ ಒಳಗೆ ಸೇರಿದ ಮೇಲೆ ಪರೀಕ್ಷೆ ಬರೆಯಲು ಕಪ್ಪು ಗೌನು, ಗಾಢ ಬಣ್ಣದ ಉಡುಪು, ಬಿಳಿ ಅಂಗಿ ಕಡ್ಡಾಯ. ‘ಸಬ್‌ಫಸ್ಕ್’ ಎಂದು ಅದರ ಹೆಸರು. ಇದು ಬೇಕೇ ಬೇಡವೇ ಎಂದು 2015ರಲ್ಲಿ ವಿದ್ಯಾರ್ಥಿಗಳ ಮತ ಕೇಳಿದಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಇರಲಿ ಎಂದರು. ಅಂದರೆ ಒಳಗಿದ್ದವರಿಗೆ ನಿಯಮವಿದೆ, ಆ ನಿಯಮದ ಮೇಲೆ ಪ್ರೀತಿಯೂ ಇದೆ. ಹೊರಗೆ ನಿಂತವರಿಗೆ ಮಾತ್ರ ‘ನಿಮ್ಮಿಷ್ಟ’. ನಿಯಮ ಬರೆದಿಟ್ಟರೆ ಬಡವರ ಮಗನೂ ಓದಿಕೊಂಡು ಪಾಲಿಸಬಹುದು. ‘ನಿಮ್ಮಿಷ್ಟ’ ಎಂದಾಗ ಯಾವ ಇಷ್ಟ ಅಲ್ಲಿ ಒಪ್ಪಿತವಾಗುತ್ತದೆ ಎಂಬುದು ಮೊದಲೇ ಗೊತ್ತಿರುವ ಮನೆಯಿಂದ ಬಂದಿರಬೇಕಾಗುತ್ತದೆ.

ಥಾಮಸ್ ಹಾರ್ಡಿಯ ‘ಜೂಡ್ ದಿ ಅಬ್‌ಸ್ಕ್ಯೂರ್’ (1895) ಕಾದಂಬರಿಯ ಜೂಡ್‌ಗೆ ಈ ‘ನಿಮ್ಮಿಷ್ಟ’ದ ತನಕ ಹೋಗುವ ಭಾಗ್ಯವೂ ಇಲ್ಲ. ಅಜ್ಜಿಯ ಬ್ರೆಡ್ ಗಾಡಿ ಹೊಡೆಯುತ್ತಲೇ ಲ್ಯಾಟಿನ್, ಗ್ರೀಕ್ ಕಲಿತ ಹುಡುಗ ಅವನು. ಆಕ್ಸ್‌ಫರ್ಡಿನ ನೆರಳಾದ ಕ್ರೈಸ್ಟ್‌ಮಿನ್‌ಸ್ಟರ್‌ಗೆ ಬಂದು ಕಲ್ಲುಕುಟಿಗನಾಗುತ್ತಾನೆ. ತಾನು ಓದಬೇಕೆಂದಿದ್ದ ಕಾಲೇಜುಗಳ ಶಿಥಿಲ ಗೋಡೆಗಳಿಗೆ ಕಲ್ಲು ಕೆತ್ತಿಕೊಡುತ್ತಾನೆ. ಕಲ್ಲಿನ ಧೂಳು ಹತ್ತಿದ ಬಿಳಿ ಕೆಲಸದಂಗಿಯಲ್ಲಿ ಬೀದಿಯಲ್ಲಿ ನಡೆಯುವಾಗ ಅವನ ವಯಸ್ಸಿನ ವಿದ್ಯಾರ್ಥಿಗಳು ಅವನನ್ನು ಗಾಜಿನಂತೆ ಹಾದು ಆಚೆಗಿರುವ ತಮ್ಮ ಗೆಳೆಯರನ್ನು ನೋಡುತ್ತಾರೆ. ಅವರು ಅವಮಾನಿಸುವುದಿಲ್ಲ, ಗಮನಿಸುವುದೇ ಇಲ್ಲ. ಕೊನೆಗೆ ಜೂಡ್ ಕಾಲೇಜಿನ ಮುಖ್ಯಸ್ಥರಿಗೆ ಪತ್ರ ಬರೆಯುತ್ತಾನೆ. ಉತ್ತರ ಬರುವುದು ಒಬ್ಬರಿಂದ ಮಾತ್ರ: ನೀನು ನಿನ್ನ ಕಸುಬಿನಲ್ಲೇ ಇದ್ದರೆ ಒಳ್ಳೆಯದು ಎಂಬ ಅರ್ಥದ ನಾಲ್ಕು ಸಾಲು. ಈ ಘಟನೆಯಲ್ಲಿ ಹಾರ್ಡಿಯ ಜಾಣ್ಮೆಯಿದೆ. ಆ ಮುಖ್ಯಸ್ಥ ಜೂಡ್‌ನನ್ನು ಕಣ್ಣಾರೆ ಕಂಡೇ ಇಲ್ಲ. ಪತ್ರದಲ್ಲಿ ಜೂಡ್ ತಾನೇ ಹೇಳಿಕೊಂಡ ಕಸುಬು ಸಾಕಾಯಿತು. ಧೂಳಿನಂಗಿ ಕಾಗದದ ಮೇಲೂ ಕಂಡುಬಿಟ್ಟಿತು. ಒಂದು ಒಳ್ಳೆಯ ಕೋಟು ಹೊಲಿಸಿಕೊಂಡಿದ್ದರೆ ಜೂಡ್ ಗೆಲ್ಲುತ್ತಿದ್ದ ಎಂದು ಈ ಕಾದಂಬರಿಯನ್ನು ಓದಿದವರು ಯಾರೂ ಹೇಳಲಾರರು.

ಇದಾಗಿ ಎಂಬತ್ತೈದು ವರ್ಷಗಳ ನಂತರ ಬಂದದ್ದು ವಿಲ್ಲಿ ರಸೆಲ್‌ನ ನಾಟಕ ‘ಎಜುಕೇಟಿಂಗ್ ರೀಟಾ’ (1980). 1983ರ ಸಿನಿಮಾದಿಂದ ಇದು ನಮ್ಮಲ್ಲೂ ಅನೇಕರಿಗೆ ಪರಿಚಿತ. ರೀಟಾ ಹೇರ್ ಡ್ರೆಸ್ಸರ್. ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿ ಫ್ರಾಂಕ್ ಎಂಬ ಕುಡುಕ ಪ್ರಾಧ್ಯಾಪಕನ ಕೋಣೆಗೆ ಬರುತ್ತಾಳೆ. ಬ್ರಿಟನ್ನಿನ ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ಪೂರ್ವಾರ್ಹತೆ ಕೇಳದೆ ಎಲ್ಲರನ್ನೂ ಸೇರಿಸಿಕೊಳ್ಳಲು. ಆದರೂ ನಾಟಕದ ಮೊದಲ ದೃಶ್ಯ ಒಂದು ಪ್ರವೇಶ ಸಂದರ್ಶನದಂತೆಯೇ ಇದೆ. ಬಾಗಿಲ ಹಿಡಿ ಸರಿಯಿಲ್ಲದೆ ರೀಟಾ ಹೊರಗೆ ಒದ್ದಾಡುತ್ತಾಳೆ, ಒಳಗಿನವನು ‘ಬನ್ನಿ’ ಎನ್ನುತ್ತಲೇ ಇರುತ್ತಾನೆ. ಮುಂದೆ ಆ ಬಾಗಿಲಿಗೆ ಎಣ್ಣೆ ಹಾಕುವುದೂ ಅವಳೇ.

ಈ ನಾಟಕದಲ್ಲಿ ಒಂದು ಡ್ರೆಸ್ಸಿನ ಕಥೆ ಹರಿಯುತ್ತದೆ. ಒಂದು ವರ್ಷದಿಂದ ಹೊಸ ಡ್ರೆಸ್ಸು ಕೊಂಡಿಲ್ಲ, ಮೊದಲ ಪರೀಕ್ಷೆ ಪಾಸಾಗುವ ತನಕ ಕೊಳ್ಳುವುದೂ ಇಲ್ಲ, ಕೊಂಡಾಗ ಓದಿದ ಹೆಂಗಸಿನ ಮೈಮೇಲೆ ಮಾತ್ರ ಕಾಣುವಂಥದ್ದನ್ನು ಕೊಳ್ಳುತ್ತೇನೆ ಎಂದು ರೀಟಾ ಹೇಳಿಕೊಳ್ಳುತ್ತಾಳೆ. ನಗು ಬರಿಸುವ ಮಾತು ಇದು. ಆದರೆ ಇದರ ಹಿಂದೆ ಒಂದು ವ್ರತವಿದೆ. ನಮ್ಮವರು ಹರಕೆ ತೀರುವ ತನಕ ಮುಡಿ ತೆಗೆಸದೆ ಇರುತ್ತಾರಲ್ಲ, ಹಾಗೆ. ಮುಂದೆ ಫ್ರಾಂಕ್ ಅವಳನ್ನು ಮನೆಗೆ ಊಟಕ್ಕೆ ಕರೆಯುತ್ತಾನೆ. ಯಾವ ಬಟ್ಟೆ, ಯಾವ ವೈನು, ಏನು ಮಾತಾಡಲಿ ಎಂದು ತಲೆ ಕೆಡಿಸಿಕೊಂಡು ಅವಳು ಹೋಗುತ್ತಾಳೆ. ಕಿಟಕಿಯಿಂದ ಒಳಗಿದ್ದವರನ್ನು ಕಂಡು ಬಾಗಿಲು ತಟ್ಟದೆ ಹಿಂತಿರುಗುತ್ತಾಳೆ. ತನ್ನವರು ಕೂತಿದ್ದ ಪಬ್ಬಿಗೆ ಹೋದರೆ ಅಲ್ಲಿಯೂ ಅವಳು ಹೊರಗಿನವಳೇ. ‘ನಿಮಗೆ ಹಿತವೆನಿಸುವುದನ್ನು ತೊಡಿ’ ಎಂಬ ಸಲಹೆ ಸೋಲುವುದು ಈ ದೃಶ್ಯದಲ್ಲಿ. ಎರಡು ಲೋಕಗಳ ನಡುವೆ ಕಾಲಿಟ್ಟವಳಿಗೆ ಹಿತವೆನಿಸುವ ಬಟ್ಟೆ ಯಾವ ಬೀರುವಿನಲ್ಲೂ ಇರುವುದಿಲ್ಲ.

ಎರಡನೆಯ ಅಂಕದಲ್ಲಿ ಲಂಡನ್ನಿನ ಬೇಸಿಗೆ ಶಿಬಿರ ಮುಗಿಸಿ ಬರುವ ರೀಟಾ ಸೆಕೆಂಡ್ ಹ್ಯಾಂಡ್ ಅಂಗಡಿಯ ‘ಹೊಸ’ ಬಟ್ಟೆಯಲ್ಲಿರುತ್ತಾಳೆ. ದನಿಯೂ ಬದಲಾಗುತ್ತದೆ. ಫ್ರಾಂಕ್‌ಗೆ ಸಂಕಟ. ತಾನು ಫ್ರಾಂಕನ್‌ಸ್ಟೈನ್ ಬರೆದ ಮೇರಿ ಶೆಲ್ಲಿಯ ಹಾಗೆ ರಾಕ್ಷಸ ಸೃಷ್ಟಿ ಮಾಡಿದೆ ಎಂಬಂತೆ ಕುಟುಕುತ್ತಾನೆ. ಸಾಮಾನ್ಯವಾಗಿ ಈ ನಾಟಕವನ್ನು ಓದುವುದು ಫ್ರಾಂಕ್‌ನ ಕಣ್ಣಿಂದ: ಸಹಜವಾಗಿದ್ದ ಹುಡುಗಿ ಕೃತಕಳಾದಳು, ವಿದ್ಯೆ ಅವಳ ಮುಗ್ಧತೆಯನ್ನು ಕಸಿದುಕೊಂಡಿತು. ನನ್ನ ತಕರಾರು ಇರುವುದು ಇಲ್ಲಿಯೇ. ಸಹಜತೆಯ ಈ ಹಂಬಲ ಯಾರದ್ದು? ಹಾಳಾದ ಬಾಗಿಲು, ಕೆದರಿದ ಕೂದಲು, ಪುಸ್ತಕಗಳ ಹಿಂದೆ ಬಚ್ಚಿಟ್ಟ ಬಾಟಲಿ ಇವೆಲ್ಲ ಇದ್ದೂ ಫ್ರಾಂಕ್ ಪ್ರಾಧ್ಯಾಪಕನಾಗಿಯೇ ಇರಬಲ್ಲ. ಅವನ ನಿರ್ಲಕ್ಷ್ಯ ಅವನ ಸವಲತ್ತು. ರೀಟಾ ಹಾಗೆಯೇ ಬಂದರೆ ಅವಳು ‘ರಸವತ್ತಾದ ವ್ಯಕ್ತಿ’ಯಾಗುತ್ತಾಳೆಯೇ ಹೊರತು ವಿದ್ಯಾರ್ಥಿಯಾಗುವುದಿಲ್ಲ.

ನಮ್ಮ ಚರಿತ್ರೆ ಬಲ್ಲವರಿಗೆ ಇದು ಹೊಸದಲ್ಲ. 1888ರ ಸೆಪ್ಟೆಂಬರ್ ಕೊನೆಯಲ್ಲಿ ಗಾಂಧಿ ಬಿಳಿ ಫ್ಲ್ಯಾನೆಲ್ ಸೂಟಿನಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ಇಳಿದು, ಬಿಳಿ ತೊಟ್ಟವನು ತಾನೊಬ್ಬನೇ ಎಂದು ಕಂಡು ನಾಚಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸೂಟು ಹೊಲಿಸಿದ್ದನ್ನೂ ನಗುತ್ತಲೇ ಹೇಳುತ್ತಾರೆ. ಗಾಂಧಿ ಮುಂದೆ ಸೂಟನ್ನು ಬಿಟ್ಟರು. 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್ ಸೂಟನ್ನು ಉಳಿಸಿಕೊಂಡರು. ನಮ್ಮ ಊರೂರಿನ ಪ್ರತಿಮೆಗಳಲ್ಲಿ ಅವರು ನೀಲಿ ಸೂಟಿನಲ್ಲಿ, ಕೈಯಲ್ಲಿ ಪುಸ್ತಕ ಹಿಡಿದೇ ನಿಂತಿದ್ದಾರೆ. ಪಂಚೆ ಮೊಣಕಾಲಿನಿಂದ ಕೆಳಗೆ ಇಳಿಯಬಾರದು, ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಮೆಟ್ಟಬಾರದು ಎಂಬ ಕಟ್ಟಳೆಗಳಿದ್ದ ನಾಡಿನಲ್ಲಿ ಆ ಸೂಟನ್ನು ಅನುಕರಣೆ ಎಂದು ಕರೆಯುವುದು ಕುರುಡುತನ. ತೊಡುವ ಹಕ್ಕು ಮೊದಲೇ ಇದ್ದವರಿಗೆ ಕಳಚುವುದು ತ್ಯಾಗ. ಇಲ್ಲದವರಿಗೆ ತೊಡುವುದೇ ಹೋರಾಟ. ರೀಟಾಳ ಡ್ರೆಸ್ಸನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ.

ರಸೆಲ್‌ಗೂ ಇದು ಗೊತ್ತಿತ್ತು ಎಂಬುದಕ್ಕೆ ಕೊನೆಯ ದೃಶ್ಯ ಸಾಕ್ಷಿ. ಅಲ್ಲಿ ಫ್ರಾಂಕ್ ಒಂದು ಡ್ರೆಸ್ಸನ್ನು ಅವಳ ಕೈಗಿಡುತ್ತಾನೆ. ಓದಿದ ಗೆಳತಿಯೊಬ್ಬಳಿಗಾಗಿ ಕೊಂಡದ್ದು ಎನ್ನುತ್ತಾನೆ. ಅವಳ ಹಳೆಯ ಮಾತು ಅವನಿಗೆ ನೆನಪಿದೆ. ಆದರೆ ಈ ಹೊತ್ತಿಗೆ ಅವಳಿಗೆ ಆ ಡ್ರೆಸ್ಸಿನ ಅಗತ್ಯ ತೀರಿದೆ. ಪರೀಕ್ಷೆ ಪಾಸಾಗಿದೆ, ಮುಂದೇನು ಮಾಡಲಿ ಎಂದು ತಾನೇ ಆರಿಸಿಕೊಳ್ಳಬಲ್ಲಳು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಕತ್ತರಿ ಹಿಡಿದು ಕೂದಲು ಕತ್ತರಿಸಲು ನಿಲ್ಲುತ್ತಾಳೆ. ಬಿಟ್ಟು ಬಂದ ಕಸುಬು ಈಗ ನಾಚಿಕೆಯಾಗಿ ಉಳಿದಿಲ್ಲ. ಜೂಡ್‌ಗೆ ಸಿಗದೆ ಹೋದದ್ದು ಇದು.

ಹಾಗಾದರೆ ಸುಖಾಂತವೇ? ಅಲನ್ ಬೆನೆಟ್‌ನ ‘ದಿ ಹಿಸ್ಟರಿ ಬಾಯ್ಸ್’ (2004) ಅಷ್ಟು ಸುಲಭವಾಗಿ ಬಿಡುವುದಿಲ್ಲ. 1980ರ ದಶಕದ ಶೆಫೀಲ್ಡಿನ ಶಾಲಾ ಹುಡುಗರು ಆಕ್ಸ್‌ಫರ್ಡ್, ಕೇಂಬ್ರಿಜ್ ಸಂದರ್ಶನಕ್ಕೆ ತಯಾರಾಗುವ ಕಥೆಯಿದು. ಅವರಲ್ಲಿ ದಡ್ಡನೆಂದು ಹೆಸರಾದ ರಜ್‌ಗೆ ಸೀಟು ಸಿಗುತ್ತದೆ. ಕಾರಣ, ಅವನ ತಂದೆ ಹಿಂದೆ ಅದೇ ಕಾಲೇಜಿನಲ್ಲಿ ಸೇವಕನಾಗಿದ್ದ. ಸೇವಕನ ಮಗ ಈಗ ವಿದ್ಯಾರ್ಥಿ. ನಾವು ಎಷ್ಟು ಬದಲಾಗಿದ್ದೇವೆ ನೋಡಿ ಎಂದು ಕಾಲೇಜು ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಹುದು. ಜೂಡ್‌ನ ಧೂಳಿನಂಗಿ ಅವನನ್ನು ಹೊರಗಿಟ್ಟರೆ, ಅಪ್ಪನ ಸೇವಕನ ಉಡುಪು ರಜ್‌ನನ್ನು ಒಳಗೆ ಕರೆಯಿತು. ಎರಡೂ ಕಡೆ ನೋಡಿದ್ದು ಬಟ್ಟೆಯನ್ನೇ, ಹುಡುಗನನ್ನಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ‘ಬಟ್ಟೆ ಮುಖ್ಯವಲ್ಲ’ ಎಂದು ಹೇಳುವುದಿಲ್ಲ. ಒಗೆದು ಇಸ್ತ್ರಿ ಮಾಡಿದ, ಮೊದಲೇ ಒಂದೆರಡು ಸಲ ಹಾಕಿ ಮೈಗೆ ಒಗ್ಗಿದ ಬಟ್ಟೆ ಇರಲಿ. ಸಾಲ ಮಾಡಿ ಕೋಟು ತರುವುದು ಬೇಡ, ಕೋಟು ಹಾಕುವ ಆಸೆಯಿದ್ದರೆ ಅದಕ್ಕೆ ನಾಚುವುದೂ ಬೇಡ ಎನ್ನುತ್ತೇನೆ. ಜೊತೆಗೆ ರೀಟಾಳ ನಾಟಕವನ್ನು ಬಸ್ಸಿನಲ್ಲಿ ಓದಿಕೊಳ್ಳಲು ಕೊಡುತ್ತೇನೆ. ಆದರೆ ಈ ಮೂರು ಕೃತಿಗಳನ್ನು ನಿಜಕ್ಕೂ ಓದಬೇಕಾದವರು ಮೇಜಿನ ಆಚೆ ಬದಿ ಕೂರುವವರು. ಗಾದೆಯ ‘ಪರರು’ ಅವರೇ.