ಮಿಥ್ಯಾವಾಸ್ತವದಲ್ಲಿ ದೂರದ ಗ್ರಹಿಕೆ

ಚಿತ್ರ ಸಹಜವಾದಷ್ಟೂ ಅದರೊಳಗಿನ ದೂರವೂ ಸಹಜವಾಗುತ್ತದೆಂಬುದು ಮಿಥ್ಯಾವಾಸ್ತವದ ಚರ್ಚೆಯಲ್ಲಿ ಸುಲಭವಾಗಿ ಒಪ್ಪಿತವಾಗುವ ನಿಲುವು. ಪ್ರಯೋಗಗಳು ಇದನ್ನು ಸಮರ್ಥಿಸುವುದಿಲ್ಲ. ಬಯಲಿನಲ್ಲಿ ಗುರುತೊಂದನ್ನು ನೋಡಿ, ಕಣ್ಣು ಮುಚ್ಚಿ ಅದರತ್ತ ನಡೆಯುವವರು ಸುಮಾರು 20 ಮೀಟರಿನವರೆಗೂ ಹೆಚ್ಚು ತಪ್ಪಿಲ್ಲದೆ ತಲಪುತ್ತಾರೆ. ತಲೆಗೆ ತೊಡುವ ಪರದೆಯಲ್ಲಿ ಗುರುತನ್ನು ಕಂಡವರಾದರೋ ಮೊದಲೇ ನಿಂತುಬಿಡುತ್ತಾರೆ. ಹಳೆಯ ಸಾಧನಗಳಲ್ಲಿ ಈ ಕೊರತೆ ಸರಾಸರಿ ಕಾಲುಭಾಗದಷ್ಟಿತ್ತು. ಹೊಸವುಗಳಲ್ಲಿ ತಗ್ಗಿದೆ, ಅಳಿದಿಲ್ಲ.

ಸಾಧನದ ತೂಕ, ನೋಟದ ಕಿರಿದಾದ ವ್ಯಾಪ್ತಿ ಇವು ಭಾಗಶಃ ಕಾರಣಗಳು. ಆದರೆ 2004ರಲ್ಲಿ ವಿಲಿಯಂ ಥಾಂಪ್ಸನ್ ಮತ್ತು ಸಂಗಡಿಗರು ಒಂದೇ ದೃಶ್ಯವನ್ನು ಛಾಯಾಚಿತ್ರವಾಗಿಯೂ ಬರಿಯ ರೇಖೆಗಳಲ್ಲಿಯೂ ತೋರಿಸಿದಾಗ ನಡಿಗೆಯ ಅಳತೆ ಹೆಚ್ಚೇನೂ ಬದಲಾಗಲಿಲ್ಲ. ('ಮಿಥ್ಯೆ' ಎಂಬ ಪದವೂ ಇಲ್ಲಿ ತುಸು ದಾರಿ ತಪ್ಪಿಸುತ್ತದೆ; ಅಳೆಯುವ ಕಾಲು ಮಿಥ್ಯೆಯಲ್ಲ.) 2006ರಲ್ಲಿ ವಿಕ್ಟೋರಿಯಾ ಇಂಟರಾಂಟೆ ಮತ್ತು ಸಂಗಡಿಗರ ಪ್ರಯೋಗದಲ್ಲಿ, ತಾವು ನಿಂತ ಕೋಣೆಯ ಪ್ರತಿರೂಪವನ್ನೇ ಪರದೆಯಲ್ಲಿ ಕಂಡವರಿಗೆ ದೂರ ಅಷ್ಟಾಗಿ ಕುಗ್ಗಲಿಲ್ಲ. ನಿಂತ ನೆಲದ ಪರಿಚಯವೂ ದೂರದ ಅಳತೆಗೋಲೆಂಬ ಊಹೆಗೆ ಇದು ಬಲ ನೀಡುತ್ತದೆ. ವಾಸ್ತುಶಿಲ್ಪಿಗಳು ಇನ್ನೂ ಕಟ್ಟದ ಮನೆಯನ್ನು ಇಂಥದೇ ಪರದೆಯಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದುಂಟು. ಹೋಲಿಸಿಕೊಳ್ಳಲು ಅಲ್ಲಿ ನಿಜದ ಕೋಣೆಯೇ ಇರುವುದಿಲ್ಲ.